ಮನೆ ವಯಸ್ಸು

ಕುಸುಮಾಗೆ ಎರಡು ವಯಸ್ಸು. ಒಂದು ಮನೆ ವಯಸ್ಸು, ಇನ್ನೊಂದು ಶಾಲೆ ವಯಸ್ಸು. ಮನೆ ವಯಸ್ಸಿನ ಲೆಕ್ಕ ಇಟ್ಟವಳು ಅವಳ ಅವ್ವ ಗುಡ್ಡಮ್ಮ. ಅದರ ಪ್ರಕಾರ ಅವಳಿಗೀಗ ಮೂವತ್ತನಾಲ್ಕು. ಶಾಲೆ ವಯಸ್ಸು ಮಾರ್ಕ್ಸ್ ಕಾರ್ಡಿನಲ್ಲಿದೆ, ಆಧಾರಿನಲ್ಲಿದೆ, ರೇಷನ್ ಕಾರ್ಡಿನಲ್ಲಿದೆ. ಅದರ ಪ್ರಕಾರ ಮೂವತ್ತಾರು. ಎರಡು ವಯಸ್ಸಿನವರು ನಮ್ಮ ಕಡೆ ಬೇಕಾದಷ್ಟು ಜನ. ಮೇಷ್ಟ್ರ ಕೃಪೆಯಿಂದ ಜೂನ್ ತಿಂಗಳಲ್ಲಿ ಹುಟ್ಟಿದವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಸಾಲು ಕೊಪ್ಪದಿಂದ ನರಸಿಂಹರಾಜಪುರ ಮುಟ್ಟೀತು. ಅವರಲ್ಲಿ ಹೆಚ್ಚಿನವರಿಗೆ ಅದರಿಂದ ಏನೂ ಕೆಟ್ಟಿಲ್ಲ. ಕುಸುಮಾಗೆ ಮಾತ್ರ ಆ ಎರಡು ವರ್ಷ ಕುತ್ತಿಗೆಗೆ ಬಂತು.

ಅವಳು ಹುಟ್ಟಿದ್ದು ಕಡಹಿನಬೈಲಿನಿಂದ ಇನ್ನೂ ಒಳಗೆ, ನಾಲ್ಕೇ ಮನೆಗಳಿದ್ದ ಒಂದು ಮೂಲೆಯಲ್ಲಿ. ಅಪ್ಪ ಗುರುವ, ಅವ್ವ ಗುಡ್ಡಮ್ಮ ಇಬ್ಬರೂ ಕಂಡವರ ತೋಟ ಗದ್ದೆಗೆ ಕೂಲಿಗೆ ಹೋಗುವವರು. ಶಾಲೆ ಹಳ್ಳದ ಆಚೆ ಇತ್ತು. ಹಳ್ಳ ದಾಟಲು ಎರಡು ದಿಮ್ಮಿ ಹಾಸಿದ ಕಾಲುಸಂಕ. ಅಣ್ಣ ಯೋಗೇಶನಿಗೆ ಆರೂವರೆ ತುಂಬಿದಾಗ ಶಾಲೆಗೆ ಕಳಿಸಿದರು. ಅವನೋ ಮಹಾ ಪುಕ್ಕಲ. ಸಂಕದ ತುದಿಗೆ ಹೋಗಿ ಕೂತು ಅಳುವುದು, ಮನೆಗೆ ವಾಪಸ್ಸು ಬರುವುದು. ಒಂದು ದಿನ ಗುಡ್ಡಮ್ಮ ನಾಲ್ಕೂವರೆ ವರ್ಷದ ಕುಸುಮಾಳ ಕೈಯನ್ನು ಅವನ ಕೈಗೆ ಕೊಟ್ಟು ನೋಡಿದಳು. ಅವಳು ಮುಂದೆ, ಅವನು ಹಿಂದೆ, ಇಬ್ಬರೂ ದಾಟಿದರು. ಮನೆಯಲ್ಲಿ ಅವಳನ್ನು ನೋಡಿಕೊಳ್ಳುವವರೂ ಇರಲಿಲ್ಲವಾದ್ದರಿಂದ ಒಂದೇ ಕಲ್ಲಿಗೆ ಎರಡು ಹಣ್ಣು ಬಿದ್ದಂತಾಯಿತು. ಸುಬ್ಬಯ್ಯ ಮೇಷ್ಟ್ರಿಗೆ ಶಾಲೆಯಲ್ಲಿ ತಲೆ ಎಣಿಕೆ ಸಾಲದೆ ಚಿಂತೆಯಾಗಿತ್ತು. ಅವರು ದಾಖಲಾತಿ ಪುಸ್ತಕ ತೆಗೆದು ಯೋಗೇಶನ ಹೆಸರಿನ ಕೆಳಗೆ ಕುಸುಮಾಳ ಹೆಸರು ಬರೆದರು. ಅಪ್ಪ, ಊರು, ಜಾತಿ ಎಲ್ಲ ಒಂದೇ ಆದ್ದರಿಂದ ಆ ಕಾಲಮ್ಮುಗಳಿಗೆಲ್ಲ ಡಿಟ್ಟೋ ಹಾಕುತ್ತ ಬಂದರು. ಹುಟ್ಟಿದ ದಿನದ ಕಾಲಮ್ಮಿಗೂ ಡಿಟ್ಟೋ ಬಿತ್ತು.

ಹೀಗೆ ಅಣ್ಣ ತಂಗಿ ಕಾಗದದಲ್ಲಿ ಅವಳಿಗಳಾದರು. ಯೋಗೇಶ ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಈಗ ಹಿರೇಕೊಡಿಗೆಯ ಕಡೆ ಪಿಕಪ್ ಓಡಿಸಿಕೊಂಡು ಸುಖವಾಗಿದ್ದಾನೆ. ಜೊತೆಗೆಂದು ಹೋದವಳು ಶಾಲೆಯನ್ನು ಬಿಡಲೇ ಇಲ್ಲ.

ಅವಳು ಬಿಡದಿದ್ದುದಕ್ಕೆ ಕಾರಣ ಪ್ರೇಮಕ್ಕ. ಪ್ರೇಮಕ್ಕ ಆ ಸುತ್ತಿನ ಸರ್ಕಾರಿ ನರ್ಸು. ಹೆಗಲಿಗೆ ಲಸಿಕೆಯ ಡಬ್ಬ ನೇತುಹಾಕಿಕೊಂಡು ಮನೆಮನೆಗೆ ನಡೆದೇ ಬರುವವರು. ಕುಸುಮಾ ಭೂಮಿಗೆ ಬಂದದ್ದೂ ಅವರ ಕೈಯಲ್ಲೇ. ಅವತ್ತು ಭೂಮಿ ಹುಣ್ಣಿಮೆ. ಹೊಡೆ ತುಂಬಿ ಬಸುರಿಯಾದ ಬತ್ತದ ಗದ್ದೆಗೆ ಬಯಕೆಯ ಊಟ ಬಡಿಸಲು ಗುರುವ ನಸುಕಿನಲ್ಲೇ ಒಡೆಯರ ಬುಟ್ಟಿ ಹೊತ್ತು ಹೋಗಿದ್ದ. ಗದ್ದೆಗೆ ಬಡಿಸಿ ಬರುವಷ್ಟರಲ್ಲಿ ಮನೆಯಲ್ಲಿ ಕೂಸು ಅಳುತ್ತಿತ್ತು. ಪಕ್ಕದ ಮನೆಯ ಬಾಣಂತಿಯನ್ನು ನೋಡಲು ಬಂದಿದ್ದ ಪ್ರೇಮಕ್ಕ ಸಮಯಕ್ಕೆ ಒದಗಿದ್ದರು. ಪಂಚಾಯ್ತಿಯಲ್ಲಿ ನಾಳೆ ಬರೆಸಿದರಾಯಿತು ಎಂದು ಗುರುವ ಬಿಟ್ಟದ್ದು ಬಿಟ್ಟೇ ಹೋಯಿತು. ಆದರೆ ಪ್ರೇಮಕ್ಕ ತಮ್ಮದೇ ಒಂದು ಪುಸ್ತಕ ಇಟ್ಟಿದ್ದರು. ಲಸಿಕೆ ಚುಚ್ಚಲು ಬಂದಾಗಲೆಲ್ಲ ಕುಸುಮಾಳ ಕೈಗೆ ಹತ್ತಿ ಕೊಟ್ಟು, ಅಳುವ ಮಕ್ಕಳ ಕಾಲು ಹಿಡಿಸಿ, ನೀನು ನನ್ನ ಪುಸ್ತಕದಲ್ಲಿದ್ದೀಯ, ಮುಂದೆ ನನ್ನ ಡಬ್ಬ ನೀನೇ ಹೊರಬೇಕು ಎನ್ನುತ್ತಿದ್ದರು. ದೊಡ್ಡವರು ಮಕ್ಕಳಿಗೆ ಸುಮ್ಮನೆ ಹೇಳುವ ಮಾತು ಅದು. ಕುಸುಮಾ ಅದನ್ನು ಸುಮ್ಮನೆ ಬಿಡಲಿಲ್ಲ.

ನಮ್ಮವರಿಗೆ ಒಳದಾರಿಯ ಚಟ. ಟಾರು ರಸ್ತೆ ಸುತ್ತಿ ಹೋಗುತ್ತದೆ ಎಂದರೆ ಗುಡ್ಡ ಹತ್ತಿ ಕಾಡು ನುಗ್ಗಿ ಮೊದಲೇ ಮುಟ್ಟಿಬಿಡುವವರು. ನರ್ಸಾಗುವುದಕ್ಕೂ ಕುಸುಮಾ ಹೀಗೆಯೇ ದಾರಿಗಳನ್ನು ಯೋಚಿಸಿ ಇಟ್ಟುಕೊಂಡಿದ್ದಳು. ಟಾರು ರಸ್ತೆ ಎಂದರೆ ಪಿಯುಸಿಯಲ್ಲಿ ವಿಜ್ಞಾನ ಓದಿ ಬಿಎಸ್ಸಿ ನರ್ಸಿಂಗಿಗೆ ಹೋಗುವುದು. ಭೌತಶಾಸ್ತ್ರ ಎರಡು ಸಲ ಕೈಕೊಟ್ಟು ಆ ರಸ್ತೆ ಮುಚ್ಚಿತು. ಆಗ ಒಳದಾರಿ ಹಿಡಿದಳು: ಖಾಸಗಿಯಾಗಿ ಕಲಾ ವಿಭಾಗದಲ್ಲಿ ಪರೀಕ್ಷೆ ಕಟ್ಟಿ ಪಾಸಾಗಿ, ಶಿವಮೊಗ್ಗದಲ್ಲಿ ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾಗೆ ಸೀಟು ಪಡೆದಳು. ಟ್ರಂಕಿಗೆ ಬಟ್ಟೆ ತುಂಬಿದ ವಾರವೇ ಗುರುವನಿಗೆ ಲಕ್ವ ಹೊಡೆಯಿತು. ಗುಡ್ಡಮ್ಮ ಕೂಲಿಗೆ ಹೋಗದಿದ್ದರೆ ಒಲೆ ಉರಿಯದು. ಯೋಗೇಶ ಆಗಲೇ ಮನೆ ಬಿಟ್ಟಿದ್ದ. ನರ್ಸಿಂಗ್ ಕಲಿಯಲು ಹೋಗಬೇಕಾದವಳು ಆರು ವರ್ಷ ಅಪ್ಪನ ಮಂಚದ ಪಕ್ಕ ಕೂತಳು. ಆ ಆರು ವರ್ಷದಲ್ಲಿ ಅವನ ಬೆನ್ನಿಗೆ ಒಂದೇ ಒಂದು ಹುಣ್ಣು ಆಗಲು ಬಿಡಲಿಲ್ಲ. ಅದಕ್ಕೆ ಯಾರೂ ಸರ್ಟಿಫಿಕೇಟ್ ಕೊಡುವುದಿಲ್ಲ.

ಗುರುವ ಹೋದ ಮೇಲೆ ಕೊಪ್ಪದ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿ ಸೇರಿದಳು. ಅದೂ ಒಳದಾರಿಯೇ. ಎರಡು ವರ್ಷ ಕೆಲಸ ಮಾಡು, ಟ್ರೈನಿಂಗಿಗೆ ಪತ್ರ ಬರೆದು ಕೊಡುತ್ತೇನೆ ಎಂದು ಅಲ್ಲಿನ ಹಿರಿಯ ಡಾಕ್ಟರು ಹೇಳಿದ್ದರು. ಎರಡು ಹೋಗಿ ನಾಲ್ಕಾಯಿತು, ಡಾಕ್ಟರು ಹೋಗಿ ಅವರ ಮಗ ಬಂದರು, ಪತ್ರ ಬಾಯಲ್ಲೇ ಉಳಿಯಿತು. ಈ ನಡುವೆ ಮೂರು ಗಂಡುಗಳು ಬಂದು ನೋಡಿ ಹೋದವು. ಟ್ರೈನಿಂಗ್ ಒಂದು ಮುಗಿಯಲಿ ಎಂದು ಅವಳು ಹೇಳಿದಳು. ಆಮೇಲೆ ಯಾರೂ ಬರಲಿಲ್ಲ.

ನರ್ಸುಗಳಿಗೆ ಅಲ್ಲಿ ಬಿಳಿ ಕೋಟು, ಆಯಾಗಳಿಗೆ ಕಂದು ಕೋಟು. ರೋಗಿಗಳಿಗೆ ಬಣ್ಣ ಗೊತ್ತಾಗುವುದಿಲ್ಲ. ಎಲ್ಲರೂ ಅವಳನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ಮೊದಮೊದಲು ನಾನು ಸಿಸ್ಟರ್ ಅಲ್ಲ ಎಂದು ತಿದ್ದುತ್ತಿದ್ದಳು. ಬರಬರುತ್ತ ಬಿಟ್ಟಳು, ತಿದ್ದುವಷ್ಟು ಹೊತ್ತಿನಲ್ಲಿ ಒಂದು ಬೆಡ್‌ಪ್ಯಾನ್ ಇಟ್ಟು ಮುಗಿಯುತ್ತದೆ. ಹೊಸ ನರ್ಸುಗಳು ಬರುತ್ತಿದ್ದರು, ಸೂಜಿ ಹಿಡಿದು ನರ ಹುಡುಕುತ್ತ ನಿಲ್ಲುತ್ತಿದ್ದರು. ಸೂಜಿ ಚುಚ್ಚುವ ಅಧಿಕಾರ ಕುಸುಮಾಗಿಲ್ಲ, ಆದರೆ ಎಲ್ಲಿ ಚುಚ್ಚಬೇಕೆಂದು ಬೆರಳಿಟ್ಟು ತೋರಿಸುತ್ತಿದ್ದವಳು ಅವಳೇ. ಹಾಗೆ ಕಲಿತು ಹೋದವರಲ್ಲಿ ಇಬ್ಬರು ಈಗ ಪರದೇಶದಲ್ಲಿದ್ದಾರೆ.

ಇಷ್ಟಾದರೂ ಅವಳ ಹತ್ತಿರ ಕಡೆಯದೊಂದು ದಾರಿ ಉಳಿದಿತ್ತು. ಹಳ್ಳಿ ನರ್ಸುಗಳಿಗೆಂದೇ ಇರುವ ಎರಡು ವರ್ಷದ ಎಎನ್‌ಎಂ ಟ್ರೈನಿಂಗು, ಪ್ರೇಮಕ್ಕ ಕಲಿತದ್ದೂ ಅದನ್ನೇ. ಯಾವ ವಿಭಾಗದಲ್ಲಿ ಪಿಯುಸಿ ಮಾಡಿದ್ದರೂ ನಡೆಯುತ್ತದೆ. ಅದು ಎಲ್ಲಿಗೆ ಹೋಗುತ್ತದೆ, ಇದ್ದೇ ಇದೆಯಲ್ಲ ಎಂದು ಅವಳು ಅದನ್ನು ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿಯಂತೆ ಎತ್ತಿಟ್ಟಿದ್ದಳು. ವಯಸ್ಸು ಮೂವತ್ತೈದು ಮೀರಬಾರದು ಎಂಬುದು ಗೊತ್ತಿತ್ತು. ಎಣಿಸುವಾಗ ಅವಳು ಎಣಿಸಿದ್ದು ಮನೆ ವಯಸ್ಸನ್ನು. ಕಾಗದದ ತಪ್ಪಿಗೆ ಒಂದು ಅಫಿಡವಿಟ್ ಮಾಡಿಸಿದರೆ ಮುಗಿಯಿತು ಎಂದು ಊರಿನವರೆಲ್ಲ ಹೇಳಿದ್ದರು. ಊರಿನವರು ಯಾವುದಕ್ಕೆ ತಾನೇ ಹಾಗೆ ಹೇಳುವುದಿಲ್ಲ?

ಈ ವರ್ಷ ಅರ್ಜಿ ಕರೆದಾಗ ಮೊದಲು ನೋಡಿದವಳು ಶಾಂಭವಿ. ಎರಡು ವರ್ಷದ ಹಿಂದೆ ಬಂದ ನರ್ಸು, ಕುಸುಮಾಳ ಕೈಯಲ್ಲೇ ಪಳಗಿದವಳು. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿ, ಕುಸುಮಕ್ಕ ಈ ಸಲ ಹಾಕಲೇಬೇಕು ಎಂದು ಮೊಬೈಲಿನಲ್ಲಿ ತಾನೇ ತುಂಬತೊಡಗಿದಳು. ಎಸ್ಸೆಸ್ಸೆಲ್ಸಿ ನಂಬರು ಹಾಕಿದ ಕೂಡಲೇ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಎಲ್ಲ ತಾವಾಗಿಯೇ ಬಂದು ಕೂತವು. ಕೆಳಗೆ ಕೆಂಪಕ್ಷರದಲ್ಲಿ ವಯೋಮಿತಿ ಮೀರಿದೆ ಎಂದು ಬಂತು. ಶಾಂಭವಿ ತಾರೀಖು ತಿದ್ದಲು ನೋಡಿದಳು, ಅದು ತಿದ್ದಿಸಿಕೊಳ್ಳಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ; ಈಗಿನ ಪೂಜಾರಿ ಮೊಬೈಲಿನೊಳಗೆ ಕೂತಿರುತ್ತಾನೆ, ಅವನ ಕಾಲಿಗೆ ಬೀಳುವುದಕ್ಕೂ ಆಗುವುದಿಲ್ಲ.

ಮರುದಿನವೇ ಕುಸುಮಾ ರಜೆ ಹಾಕಿ ನರಸಿಂಹರಾಜಪುರಕ್ಕೆ ಹೋದಳು. ಅಲ್ಲಿ ವಕೀಲರೊಬ್ಬರ ಗುಮಾಸ್ತ ಲೋಕೇಶ, ಊರ ಕಾಗದಪತ್ರಗಳನ್ನೆಲ್ಲ ಅರೆದು ಕುಡಿದವನು. ಅವನು ಅವಳ ಮಾರ್ಕ್ಸ್ ಕಾರ್ಡನ್ನೂ ಯೋಗೇಶನ ಟಿಸಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ.

"ಅಫಿಡವಿಟ್ ಎಲ್ಲ ಹೆಸರಿನ ಸ್ಪೆಲ್ಲಿಂಗಿಗೆ ಆಯ್ತು ಮಾರಾಯ್ತಿ. ಹುಟ್ಟಿದ ದಿನಕ್ಕೆ ಕೋರ್ಟಿಗೇ ಹೋಗ್ಬೇಕು. ನೀವು ಅವಳಿ ಅಲ್ಲ ಅಂತ ಯಾರು ಹೇಳ್ತಾರೆ?"

ಅವ್ವ ಹೇಳುತ್ತಾಳೆ ಎಂದಳು ಕುಸುಮಾ. ಮಗಳಿಗೆ ಬೇಕಾದದ್ದನ್ನು ಯಾವ ತಾಯಿ ಹೇಳುವುದಿಲ್ಲ, ಅದು ಸಾಲದು ಎಂದ ಲೋಕೇಶ. ಮನೆಯವರಲ್ಲದವರು ಬೇಕು, ಹೆರಿಗೆ ಕಣ್ಣಾರೆ ಕಂಡವರು ಬೇಕು, ಆಗಲೇ ಬರೆದಿಟ್ಟದ್ದು ಏನಾದರೂ ಬೇಕು. ಬರೆದವರು ಬಂದು ಇದು ನನ್ನ ಅಕ್ಷರ ಎನ್ನಬೇಕು. ಹಾಗಿದ್ದರೆ ಮಾತ್ರ ವಕೀಲರು ಕೈ ಹಾಕಿಯಾರು. ಈ ವರ್ಷದ್ದು ಹೇಗೂ ಹೋಯಿತು. ಮುಂದಿನ ವರ್ಷ ಮನೆ ವಯಸ್ಸಿನಲ್ಲಿ ಮೂವತ್ತೈದು. ಅದೇ ಕಡೆಯ ಸಲ. ಅಷ್ಟರೊಳಗೆ ತೀರ್ಪು ಬರುತ್ತದೆ ಎಂದು ತಾನು ಹೇಳುವುದಿಲ್ಲ ಎಂದೂ ಸೇರಿಸಿದ. ಆದರೆ ಕುಸುಮಾ ಅದನ್ನು ಕೇಳಿಸಿಕೊಳ್ಳಲಿಲ್ಲ. ಬರೆದಿಟ್ಟದ್ದು ಎಂದ ಕೂಡಲೇ ಅವಳ ತಲೆ ಪ್ರೇಮಕ್ಕನ ಪುಸ್ತಕದ ಕಡೆಗೆ ಓಡಿತ್ತು.

ಸಂಜೆ ಮನೆಗೆ ಹೋದಾಗ ಗುಡ್ಡಮ್ಮ ಜಗಲಿಯಲ್ಲಿ ಕೂತು ಒಡೆಯರ ಮನೆಯ ಅಡಿಕೆ ಸುಲಿಯುತ್ತಿದ್ದಳು. ಕುಸುಮಾ ಎಂದೂ ಅವ್ವನ ಮೇಲೆ ಸಿಟ್ಟು ಮಾಡಿದವಳಲ್ಲ. ಅವತ್ತು ಮಾಡಿದಳು. ಎರಡು ವರ್ಷ ಮನೆಯಲ್ಲೇ ಇಟ್ಟುಕೊಂಡಿದ್ದರೆ ನಿನಗೆ ಏನು ಖರ್ಚಾಗುತ್ತಿತ್ತು, ಅವನ ಅಳು ನಿಲ್ಲಿಸಲು ನನ್ನ ಆಯುಸ್ಸು ಯಾಕೆ ತೆಗೆದುಕೊಟ್ಟೆ ಎಂದು ಕೇಳಿದಳು. ಗುಡ್ಡಮ್ಮ ಮೆಟ್ಟುಗತ್ತಿಯಿಂದ ಕೈ ತೆಗೆಯದೆ ಇನ್ನೂ ನಾಲ್ಕು ಅಡಿಕೆ ಸುಲಿದಳು.

"ಅವ್ನಿಗೆ ಸಂಕ ದಾಟಕ್ಕೆ ಜೊತೆ ಬೇಕಿತ್ತು ಕಣೆ" ಎಂದಳು ಕಡೆಗೆ. "ನಿಂಗೆ ಯಾರ ಜೊತೆನೂ ಬೇಡಾಗಿತ್ತು. ಅದ್ಕೇ ನಿನ್ನ ಕಳ್ಸಿದ್ದು."

ಕುಸುಮಾ ಒಳಗೆ ಹೋಗಿ ಅನ್ನಕ್ಕೆ ಇಟ್ಟಳು.

ಪ್ರೇಮಕ್ಕ ರಿಟೈರಾಗಿ ವರ್ಷಗಳಾಗಿದ್ದವು. ಶಾಂಭವಿ ಅವರಿವರಿಗೆ ಫೋನು ಮಾಡಿ, ಶೃಂಗೇರಿಯಲ್ಲಿ ಮಗನ ಮನೆಯಲ್ಲಿದ್ದಾರೆ ಎಂದು ಪತ್ತೆ ಮಾಡಿದಳು. ಭಾನುವಾರ ಬೆಳಿಗ್ಗೆ ಕುಸುಮಾ ಕೊಪ್ಪದಿಂದ ಬಸ್ಸು ಹತ್ತಿದಳು. ಅರ್ಧ ಡಜನ್ ಕಿತ್ತಳೆ ಕಟ್ಟಿಸಿಕೊಂಡಳು. ಹರಿಹರಪುರ ದಾಟುವವರೆಗೂ ಪ್ರೇಮಕ್ಕನಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿದಳು. ಕೋರ್ಟು ಎಂದು ಮೊದಲೇ ಹೇಳಿದರೆ ಹೆದರುತ್ತಾರೆ; ನಿಮ್ಮ ಡಬ್ಬ ಹೊರಲು ಬಂದಿದ್ದೇನೆ ಎಂದು ಶುರು ಮಾಡಿದರೆ ನಗುತ್ತಾರೆ, ಆಮೇಲೆ ಹೇಳಬಹುದು.

ಬಾಗಿಲು ತೆಗೆದದ್ದು ಸೊಸೆ ಸೌಜನ್ಯ. ಬಾಗಿಲು ತೆಗೆದ ಕೂಡಲೇ ಬಂದ ವಾಸನೆಯಲ್ಲೇ ಕುಸುಮಾಗೆ ಅರ್ಧ ತಿಳಿಯಿತು. ಹಾಸಿಗೆ ಹಿಡಿದವರ ಮನೆಯ ವಾಸನೆ ಅವಳಿಗೆ ಹೊಸದಲ್ಲ. ಅತ್ತೆಗೆ ಮರೆವು ಶುರುವಾಗಿ ಮೂರು ವರ್ಷವಾಯಿತು, ಈಗ ಮಗನ ಗುರುತೂ ಹತ್ತುವುದಿಲ್ಲ ಎಂದಳು ಸೌಜನ್ಯ. ನೋಡಿಕೊಳ್ಳಲು ಇದ್ದ ಹೋಂ ನರ್ಸು ಹೋದ ವಾರ ಹೇಳದೆ ಕೇಳದೆ ಬಿಟ್ಟು ಹೋಗಿದ್ದಳಂತೆ. ಸೌಜನ್ಯಳ ಕಣ್ಣಿನ ಸುತ್ತ ಕಪ್ಪಾಗಿತ್ತು.

ಕೋಣೆಯಲ್ಲಿ ಪ್ರೇಮಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಹೆಗಲಿಗೆ ಡಬ್ಬ ಹಾಕಿಕೊಂಡು ಗುಡ್ಡ ಹತ್ತುತ್ತಿದ್ದ ಹೆಂಗಸು ಇವರೇ ಎಂದು ನಂಬಲು ಕುಸುಮಾಗೆ ಕಷ್ಟವಾಯಿತು. ಕೈ ಹಾಕಿ ನೋಡಿದರೆ ಹಾಸಿಗೆ ಒದ್ದೆ. ಬಂದ ಕೆಲಸ ಏನೆಂದು ಹೇಳುವ ಮೊದಲೇ ಅವಳು ಸೀರೆಯ ಸೆರಗು ಸಿಕ್ಕಿಸಿ ಬಿಸಿನೀರು ತರಲು ಹೇಳಿದಳು. ಒಂದು ಪಕ್ಕಕ್ಕೆ ಮಗುಚಿ, ಒರೆಸಿ, ಒಣ ಬಟ್ಟೆ ಹಾಸಿ, ಮತ್ತೊಂದು ಪಕ್ಕಕ್ಕೆ ಮಗುಚಿದಳು. ಬೆನ್ನಿನ ಕೆಳಗೆ ಚರ್ಮ ಕೆಂಪಾಗಿ ಹುಣ್ಣಾಗುವ ಹಂತಕ್ಕೆ ಬಂದಿತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ಸೌಜನ್ಯಳಿಗೆ ಹೇಳಿಕೊಟ್ಟಳು. ಸೌಜನ್ಯ ಬಾಗಿಲ ಹತ್ತಿರ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು.

ಆಮೇಲೆ ಕುಸುಮಾ ಪುಸ್ತಕದ ವಿಷಯ ಕೇಳಿದಳು. ಇಲ್ಲ ಎನ್ನುತ್ತಾಳೆ, ಗುಜರಿಗೆ ಹಾಕಿದೆವು ಎನ್ನುತ್ತಾಳೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಕೇಳಿದ್ದಳು. ಸೌಜನ್ಯ ಮಂಚದಡಿಯಿಂದ ತಗಡಿನ ಪೆಟ್ಟಿಗೆ ಎಳೆದು ಮುಂದಿಟ್ಟಳು. ಅತ್ತೆ ಇದನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ ಎಂದಳು. ನೀಲಿ ರಟ್ಟಿನ ಹನ್ನೊಂದು ಪುಸ್ತಕ, ವರ್ಷವಾರು. ಮೂರನೆಯದರಲ್ಲಿ ಸಿಕ್ಕಿತು. ಗುಂಡಗಿನ ಅಕ್ಷರ, ಒಂದು ಕಡೆಯೂ ಕಾಟು ಹಾಕಿಲ್ಲ. ಗುಡ್ಡಮ್ಮ, ಗಂಡ ಗುರುವ. ಹೆಣ್ಣು. ತೂಕ ಎರಡು ಕೆಜಿ ಆರುನೂರು. ತಾಯಿ ಮಗು ಕ್ಷೇಮ. ಪಕ್ಕದಲ್ಲಿ ತಾರೀಖು, ತಾರೀಖಿನ ಪಕ್ಕ ಸಣ್ಣದಾಗಿ ಭೂಮಿ ಹುಣ್ಣಿಮೆ ಎಂದಿತ್ತು.

ಕುಸುಮಾ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತುಬಿಟ್ಟಳು. ತಾನು ಮೂವತ್ತನಾಲ್ಕು ಎನ್ನುವುದಕ್ಕೆ ಅವ್ವನ ಬಾಯಿಮಾತು ಬಿಟ್ಟರೆ ಲೋಕದಲ್ಲಿ ಇದ್ದ ಒಂದೇ ಗುರುತು ಇದು. ಲೋಕೇಶನಿಗೆ ಫೋನು ಮಾಡಿ ಪುಸ್ತಕ ಸಿಕ್ಕಿತು ಎಂದಳು. ಅವನೂ ಖುಷಿಯಾದ. ಬರೆದವರು ಹೇಗಿದ್ದಾರೆ, ಕೋರ್ಟಿಗೆ ಬಂದು ತಮ್ಮ ಅಕ್ಷರ ಎಂದು ಹೇಳಬಲ್ಲರೇ ಎಂದು ಕೇಳಿದ. ಕುಸುಮಾ ಮಂಚದ ಕಡೆ ನೋಡಿದಳು. ಪ್ರೇಮಕ್ಕ ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಯಾರೂ ಇರಲಿಲ್ಲ.

"ಇಲ್ಲ" ಎಂದಳು.

ಅದೊಂದು ಖಾಸಗಿ ನೋಟ್ ಪುಸ್ತಕ, ಬರೆದವರಿಲ್ಲದೆ ಅದನ್ನು ಹಿಡಿದುಕೊಂಡು ಹೋದರೆ ವಕೀಲರು ಮುಟ್ಟುವುದಿಲ್ಲ, ಸುಮ್ಮನೆ ಓಡಾಡಿಸುವುದು ತನಗಿಷ್ಟವಿಲ್ಲ ಎಂದ ಲೋಕೇಶ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವ ಗಾದೆಯನ್ನು ಕುಸುಮಾ ಶಾಲೆಯಲ್ಲಿ ಐದು ಅಂಕಕ್ಕೆ ವಿಸ್ತರಿಸಿ ಬರೆದಿದ್ದಳು. ಅದರ ಅರ್ಥ ಈಗ ಆಯಿತು.

ಸೌಜನ್ಯ ಕಾಫಿ ತಂದಳು. ಲೋಟ ಕೈಗೆ ಕೊಟ್ಟು, ಎದುರಿಗೆ ಕೂತು, ಬೆರಳು ಹಿಸುಕಿಕೊಳ್ಳುತ್ತ ಕೇಳಿದಳು. "ನೀವೇ ಬಂದು ಇಲ್ಲೇ ಇರ್ತೀರಾ ಸಿಸ್ಟರ್? ಅಲ್ಲಿ ಕೊಡೋದಕ್ಕಿಂತ ಜಾಸ್ತಿನೇ ಕೊಡ್ತೀವಿ. ನಿಮ್ಮಂಥ ನರ್ಸು ನಮಗೆ ಎಲ್ಲೂ ಸಿಗಲ್ಲ."

ನಾನು ನರ್ಸ್ ಅಲ್ಲ ಎಂಬ ಮಾತು ಕುಸುಮಾಳ ನಾಲಿಗೆಯ ತುದಿಗೆ ಬಂತು. ಆದರೆ ಹೋಂ ನರ್ಸಾಗಲು ನರ್ಸಾಗಿರಬೇಕಿಲ್ಲ. ಮಾರ್ಕ್ಸ್ ಕಾರ್ಡು ಬೇಡ, ಅರ್ಜಿ ಬೇಡ, ವಯೋಮಿತಿ ಇಲ್ಲ. ಎಲ್ಲ ದಾರಿಗಳೂ ಮುಚ್ಚಿದ ಮೇಲೆ ತೆರೆದಿರುವ ಈ ದಾರಿಯನ್ನು ಅವಳು ಎಂದೂ ಯೋಚಿಸಿಟ್ಟಿರಲಿಲ್ಲ. ಇದು ಹೋಗುವುದು ಅಪ್ಪನ ಮಂಚದ ಪಕ್ಕಕ್ಕೇ. ಯೋಚನೆ ಮಾಡಿ ಹೇಳುತ್ತೇನೆ ಎಂದಳು. ಏನು ಹೇಳುತ್ತೇನೆ ಎಂಬುದು ಅವಳಿಗೆ ಆಗಲೇ ಗೊತ್ತಿತ್ತು.

ಅಷ್ಟರಲ್ಲಿ ಪ್ರೇಮಕ್ಕ ಕೈ ಚಾಚಿದರು. ಅವರಿಗೆ ಬೇಕಾದದ್ದು ಕಾಫಿಯಲ್ಲ, ಪುಸ್ತಕ. ಕುಸುಮಾ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಪುಸ್ತಕವನ್ನು ತೊಡೆಯ ಮೇಲಿಟ್ಟು, ತನ್ನ ಚೀಲದಿಂದ ಪೆನ್ನು ತೆಗೆದು ಬೆರಳ ನಡುವೆ ಇಟ್ಟಳು. ಮಗನ ಗುರುತು ಮರೆತ ಕೈಗೆ ಪೆನ್ನು ಹಿಡಿಯುವುದು ಮರೆತಿರಲಿಲ್ಲ. ಪ್ರೇಮಕ್ಕ ಗಂಟಲು ಸರಿಮಾಡಿಕೊಂಡು, ಮನೆಮನೆಯ ಜಗಲಿಯಲ್ಲಿ ಕೇಳುತ್ತಿದ್ದ ಹಾಗೆಯೇ, ಹೆಸರು ಎಂದರು. ಕುಸುಮಾ ಎಂದು ಇವಳು ಹೇಳಿದಳು. ತಾಯಿ ಹೆಸರು ಎಂದರು. ಗುಡ್ಡಮ್ಮ. ಆ ಹೆಸರು ಎಲ್ಲಾದರೂ ತಾಗೀತೇ ಎಂದು ಕುಸುಮಾ ಕಾದಳು. ಎಲ್ಲೂ ತಾಗಲಿಲ್ಲ.

"ವಯಸ್ಸು ಎಷ್ಟಮ್ಮ?"

ತೆರೆದ ಪುಟದಲ್ಲಿ, ಪ್ರೇಮಕ್ಕನ ಹೆಬ್ಬೆರಳಿನ ಪಕ್ಕದಲ್ಲೇ, ಭೂಮಿ ಹುಣ್ಣಿಮೆಯ ಆ ಸಾಲು ಇತ್ತು. ಕುಸುಮಾ ಅದನ್ನು ಇನ್ನೊಮ್ಮೆ ಓದಿದಳು.

"ಮೂವತ್ತಾರು" ಎಂದಳು. "ಬರ್ಕೊಳ್ಳಿ ಪ್ರೇಮಕ್ಕ, ಮೂವತ್ತಾರು."

ಪ್ರೇಮಕ್ಕ ತಲೆಯಾಡಿಸಿ, ಮುಚ್ಚಳ ತೆಗೆಯದ ಪೆನ್ನಿನಲ್ಲೇ ನಿಧಾನವಾಗಿ ಬರೆದುಕೊಂಡರು.